ಆಷಾಢದಲ್ಲಿ ಅವಳು ಎಲ್ಲಿದ್ದಳು?

ಇದು ನಡೆದದ್ದು ಎರಡು ಸಾವಿರದ ಐದನೇ ಇಸವಿಯಲ್ಲಿ. ಆಗ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆ ಜೆ.ಪಿ. ನಗರದಲ್ಲಿ. ಕೆಳಗೆ ನಾವು, ಮೇಲೆ ಒಂದು ರೂಮು, ಅಡುಗೆಮನೆ ಇರುವ ಪುಟ್ಟ ಬಾಡಿಗೆ ಮನೆ. ಆ ಮೇಲಿನ ಮನೆಯಲ್ಲಿ ಐದು ವರ್ಷದಿಂದ ಶಿವಲೀಲಾ ಎನ್ನುವ ಹುಡುಗಿ ಇದ್ದಳು. ಬಾಗಲಕೋಟೆ ಕಡೆಯವಳು, ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇರಲಿ. ಆ ವರ್ಷ ಆ ಸಿಟ್ಟು ಕೆಲಸಕ್ಕೆ ಬಂತು.

ಶಿವಲೀಲಾಗೆ ಹೊರದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಯಾವ ದೇಶ ಎಂದು ಹೇಳುವುದಿಲ್ಲ, ಆಮೇಲೆ ಅವರು ತಪ್ಪು ತಿದ್ದಿಕೊಂಡಿದ್ದಾರೆ. ಅವಳು ಡ್ಯೂಟಿ ಮುಗಿಸಿ ಬಂದು ಓದಿ ಪರೀಕ್ಷೆ ಪಾಸು ಮಾಡಿದ್ದಳು. ಫೋನಿನಲ್ಲಿ ಇಂಟರ್‌ವ್ಯೂ ಆಗಿ ನೇಮಕದ ಪತ್ರವೂ ಬಂದಿತ್ತು. ನಮ್ಮ ಲೆಕ್ಕದಲ್ಲಿ ಗೌರಿ ಹಬ್ಬದ ಹೊತ್ತಿಗೆ ಅವಳು ಅಲ್ಲಿ ಇರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ.

ಹೋಗಿಯೇ ತೀರಬೇಕು ಎನ್ನುವುದಕ್ಕೆ ಅವಳಿಗೊಂದು ಕಾರಣ ಇತ್ತು. ಅವರ ಹಳ್ಳಿ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಹೋಗಿತ್ತು. ಬದಲಿಗೆ ಕೊಟ್ಟ ಜಾಗದಲ್ಲಿ ಅವಳ ಅಪ್ಪ, ಅವ್ವ ಶೀಟು ಹೊದಿಸಿಕೊಂಡು ಕೂತಿದ್ದರು. "ಅಲ್ಲೊಂದು ಗಟ್ಟಿ ಮನಿ ಕಟ್ಟಬೇಕ್ರೀ ಆಂಟಿ. ಮತ್ತ ಯಾರೂ ನಮ್ಮನ್ನ ಎಬ್ಬಸಬಾರದು, ಅಂಥಾ ಮನಿ" ಎನ್ನುತ್ತಿದ್ದಳು. ಅವಳು ಬೇರೆ ಏನನ್ನೂ ಆಸೆಪಟ್ಟಿದ್ದನ್ನು ನಾನು ಕಾಣೆ.

ಜೂನ್ ತಿಂಗಳ ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಗ್ಗರಣೆ ಹಾಕುತ್ತಿದ್ದೆ. ಶಿವಲೀಲಾ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ಕೈಯಲ್ಲಿದ್ದ ಕಾಗದ ಚಾಚಿದಳು. ವೀಸಾ ಕೊಡುವುದಿಲ್ಲ ಎಂದು ಬಂದಿತ್ತು. ಕಾರಣವನ್ನೂ ಬರೆದಿದ್ದರು. ಅರ್ಜಿದಾರರು ಐದು ವರ್ಷದಲ್ಲಿ ಐದು ಮನೆಗಳಲ್ಲಿ ವಾಸ ಮಾಡಿದ್ದಾರೆ, ನಡುವೆ ಎರಡು ಸಲ ಎಲ್ಲಿದ್ದರು ಎಂದೇ ತಿಳಿಯುವುದಿಲ್ಲ, ಒಂದು ಕಡೆ ನೆಲೆ ನಿಲ್ಲದ ಇಂಥವರು ಅವಧಿ ಮುಗಿದ ಮೇಲೆ ತಮ್ಮ ದೇಶಕ್ಕೆ ವಾಪಸು ಹೋಗುತ್ತಾರೆ ಎನ್ನುವ ನಂಬಿಕೆ ಇಲ್ಲ.

"ಆಂಟಿ, ನಾ ಯಾವಾಗ ಮನಿ ಬದಲ ಮಾಡೇನ್ರೀ?" ಎಂದು ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ, ನಾನೇ ಹೇಳಬೇಕು ಎನ್ನುವ ಹಾಗೆ ಕೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಐದು ವರ್ಷ ದಿನಾ ನನ್ನ ಕಣ್ಣ ಮುಂದೆ ಮೆಟ್ಟಿಲು ಹತ್ತಿ ಇಳಿದವಳು. ನಮ್ಮತ್ತೆ ಹಾಸಿಗೆ ಹಿಡಿದಾಗ ಬೆಳಿಗ್ಗೆ, ಸಂಜೆ ಬಂದು ಇಂಜೆಕ್ಷನ್ ಕೊಟ್ಟವಳು. ಇವಳಿಗೆ ನೆಲೆ ಇಲ್ಲವಂತೆ. ಒಲೆ ಆರಿಸಿ ಬೇರೆ ಸೀರೆ ಉಟ್ಟು, ಅವಳನ್ನು ಕರೆದುಕೊಂಡು ಆಟೋ ಹತ್ತಿದೆ.

ಆ ದೇಶದವರು ವೀಸಾ ಅರ್ಜಿ ತೆಗೆದುಕೊಳ್ಳುವ ಕೆಲಸವನ್ನು ಒಂದು ಖಾಸಗಿ ಕಂಪನಿಗೆ ಬಿಟ್ಟಿದ್ದರು. ಅದರ ಆಫೀಸು ಜಯನಗರದಲ್ಲೇ ಇತ್ತು. ಮ್ಯಾನೇಜರ್ ಹರೀಶ್ ಎಂದು, ಮೂವತ್ತು ದಾಟಿರದ ಹುಡುಗ. ನಮ್ಮನ್ನು ಕೂರಿಸಿ ನೀರು ಕೊಡಿಸಿದ, ಮರ್ಯಾದೆಯಿಂದಲೇ ಮಾತಾಡಿದ.

"ಇವಳು ಇರೋದು ನಮ್ಮ ಮನೇಲಿ. ಮನೆ ಓನರ್ ನಾನೇ ಬಂದು ಹೇಳ್ತಿದ್ದೀನಿ, ಇವಳು ಎಲ್ಲೂ ಹೋಗಿಲ್ಲ. ಬೇಕಾದ್ರೆ ಬರೆದು ಸೈನ್ ಮಾಡಿ ಕೊಡ್ತೀನಿ" ಎಂದೆ.

"ಮೇಡಂ, ನಾವು ಏನೂ ಡಿಸೈಡ್ ಮಾಡಲ್ಲ. ಇವರು ಕೊಟ್ಟ ಡಾಕ್ಯುಮೆಂಟ್ಸ್‌ನ ಕಂಪ್ಯೂಟರ್‌ಗೆ ಹಾಕ್ತೀವಿ. ಸಿಸ್ಟಮ್ ಮಾರ್ಕ್ಸ್ ಕೊಡುತ್ತೆ. ಕಮ್ಮಿ ಬಂದ್ರೆ ಕೆಂಪು ತೋರ್ಸುತ್ತೆ. ಕೆಂಪು ಬಂದಿರೋ ಫೈಲ್ ಅವರು ಜಾಸ್ತಿ ನೋಡೋದೂ ಇಲ್ಲ."

"ಸಿಸ್ಟಮ್ಮೇ ತಪ್ಪು ಮಾಡಿದ್ರೆ?"

"ಅದಕ್ಕೆ ನಮ್ಮವರು, ನಿಮ್ಮವರು ಅಂತ ಇಲ್ವಲ್ಲ ಮೇಡಂ. ಎಲ್ಲರಿಗೂ ಒಂದೇ ರೂಲು."

"ಮಾರ್ಕ್ಸ್ ಕೊಡೋದು ನಂಗೂ ಗೊತ್ತು ಕಣಪ್ಪಾ, ಜೀವಮಾನವೆಲ್ಲ ಅದನ್ನೇ ಮಾಡ್ತಿದ್ದೀನಿ. ತಪ್ಪು ಕೊಟ್ರೆ ರೀವ್ಯಾಲ್ಯುಯೇಷನ್ ಅಂತ ಒಂದಿರುತ್ತೆ ನಮ್ಮಲ್ಲಿ."

ಆತ ಪಾಪ, ನಕ್ಕ. "ಇಲ್ಲಿ ಆ ಆಪ್ಷನ್ ಇಲ್ಲ ಮೇಡಂ. ಹೊಸ ಅರ್ಜಿ ಹಾಕಬಹುದು. ಆದ್ರೆ ಅದೇ ಡಾಕ್ಯುಮೆಂಟ್ಸ್ ಹಾಕಿದ್ರೆ ಮತ್ತೆ ಕೆಂಪೇ ಬರುತ್ತೆ."

ಮನೆಗೆ ಬಂದು ಶಿವಲೀಲಾ ಕೊಟ್ಟಿದ್ದ ಕಾಗದಗಳ ಜೆರಾಕ್ಸನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದೆ. ಐದು ವರ್ಷ ಎಲ್ಲಿದ್ದೆ ಎನ್ನುವುದಕ್ಕೆ ಅವಳು ನಮ್ಮ ಬಾಡಿಗೆ ಅಗ್ರಿಮೆಂಟುಗಳನ್ನು ಕೊಟ್ಟಿದ್ದಳು. ಮತ್ತೇನು ಕೊಡುತ್ತಾಳೆ? ಬೆಂಗಳೂರಿನಲ್ಲಿ ಬಾಡಿಗೆ ಅಗ್ರಿಮೆಂಟು ಎಂದರೆ ಹನ್ನೊಂದು ತಿಂಗಳು. ಅದಕ್ಕಿಂತ ಹೆಚ್ಚಾದರೆ ರಿಜಿಸ್ಟರ್ ಮಾಡಿಸಬೇಕು, ಆ ತಲೆನೋವು ಓನರಿಗೂ ಬೇಡ, ಬಾಡಿಗೆಯವರಿಗೂ ಬೇಡ. ಹಾಗಾಗಿ ಹನ್ನೊಂದು ತಿಂಗಳು ಮುಗಿದಾಗೆಲ್ಲ ಹೊಸ ಛಾಪಾ ಕಾಗದ ತಂದು ಹೊಸದಾಗಿ ಟೈಪು ಮಾಡಿಸುವುದು. ಐದು ವರ್ಷಕ್ಕೆ ಐದು ಅಗ್ರಿಮೆಂಟು ಆಗಿದ್ದವು. ಕಂಪ್ಯೂಟರು ಐದು ಅಗ್ರಿಮೆಂಟು ಎಂದರೆ ಐದು ಮನೆ ಎಂದುಕೊಂಡಿತ್ತು.

ವಿಳಾಸವಾದರೂ ಒಂದೇ ಇರಬೇಕಲ್ಲ ಎಂದು ನೋಡಿದರೆ, ಒಂದರಲ್ಲಿ ಮನೆಯ ಹಳೇ ನಂಬರು, ಇನ್ನೊಂದರಲ್ಲಿ ಕಾರ್ಪೊರೇಷನ್‌ನವರು ಆಮೇಲೆ ಬರೆದು ಹೋದ ಹೊಸ ನಂಬರು, ಮತ್ತೊಂದರಲ್ಲಿ ಸೈಟ್ ನಂಬರು. ನಮ್ಮ ಗೇಟಿನ ಮೇಲೂ ಎರಡು ನಂಬರು ಇತ್ತು. ಪೋಸ್ಟ್‌ಮ್ಯಾನಿಗೆ ಇದರಿಂದ ಯಾವತ್ತೂ ತೊಂದರೆ ಆಗಿರಲಿಲ್ಲ.

ಆದರೂ ಆ ಎರಡು ಸಲ 'ಎಲ್ಲಿದ್ದರೋ ತಿಳಿಯದು' ಎನ್ನುವುದು ಮಾತ್ರ ನನಗೆ ಬಗೆಹರಿಯಲಿಲ್ಲ. ಅಗ್ರಿಮೆಂಟಿನ ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದೆ. ಎರಡು ಕಡೆ ಹಳೆಯದು ಮುಗಿದು ಹೊಸದು ಶುರುವಾಗುವ ಮಧ್ಯೆ ಕೆಲವು ವಾರ ಖಾಲಿ ಬಿದ್ದಿದ್ದವು.

"ಏನ್ರೀ ಇದು?" ಎಂದು ಯಜಮಾನರನ್ನು ಕೇಳಿದೆ. ಅಗ್ರಿಮೆಂಟು ಮಾಡಿಸುವುದು ಅವರ ಖಾತೆ.

ಅವರು ಕನ್ನಡಕ ಏರಿಸಿ ನೋಡಿದರು. "ಇದಾ? ಆಷಾಢ ಬಂದಿತ್ತಲ್ಲೇ. ಆಷಾಢದಲ್ಲಿ ಯಾರು ಅಗ್ರಿಮೆಂಟ್ ಮಾಡ್ತಾರೆ? ಶ್ರಾವಣ ಬರ್ಲಿ ಅಂತ ಬಿಟ್ಟೆ. ಇನ್ನೊಂದು ಪಿತೃಪಕ್ಷ."

"ಆಗ ಇವಳು ಎಲ್ಲಿದ್ಲು?"

"ಎಲ್ಲಿದ್ಲು ಅಂದ್ರೆ? ಮೇಲೆ ಇದ್ಲು. ಬಾಡಿಗೆ ಇಸ್ಕೊಂಡಿದ್ದೀವಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ನಾವು ಒಳ್ಳೆಯ ದಿನ ನೋಡಿ ಸಹಿ ಹಾಕಿದ್ದಕ್ಕೆ ಆ ಹುಡುಗಿ ಕಂಪ್ಯೂಟರಿನ ಲೆಕ್ಕದಲ್ಲಿ ಎರಡು ಸಲ ಭೂಮಿ ಮೇಲೇ ಇರಲಿಲ್ಲ.

ಮೇಜಿನ ಆ ಕಡೆ ಕೂತಿದ್ದ ಶಿವಲೀಲಾ ಮಾತ್ರ ನಗಲಿಲ್ಲ. "ನಾವು ಮನಿ ಬಿಟ್ಟಿದ್ದು ಒಂದ ಸಲ ರೀ. ನೀರು ಬಂತಂತ ಬಿಟ್ಟಿದ್ದು. ಅದನ್ನ ಇವ್ರು ಯಾರೂ ಕೇಳೇ ಇಲ್ಲ" ಎಂದಳು. ಆಮೇಲೆ ಎದ್ದು ಡ್ಯೂಟಿಗೆ ಹೋದಳು.

ಅವತ್ತೇ ನಾನು ನಾಗರಾಜನಿಗೆ ಫೋನ್ ಮಾಡಿದೆ. ನಾಗರಾಜ ಒಂದು ಕನ್ನಡ ದಿನಪತ್ರಿಕೆಯ ವರದಿಗಾರ. ನಮ್ಮಿಬ್ಬರಿಗೆ ಪರಿಚಯ ಆದದ್ದೇ ಜಗಳದಿಂದ. ಹಿಂದೊಮ್ಮೆ ಆತ ಬರೆದ ಸುದ್ದಿಯಲ್ಲಿ ಶೇಕಡಾ ಲೆಕ್ಕ ತಪ್ಪಿತ್ತು. ನಾನು ಪತ್ರಿಕೆ ಆಫೀಸಿಗೆ ಫೋನ್ ಮಾಡಿ ಚೆನ್ನಾಗಿ ಉಗಿದಿದ್ದೆ. ಅಂದಿನಿಂದ ಲೆಕ್ಕ ಇರುವ ಸುದ್ದಿ ಬರೆಯುವಾಗೆಲ್ಲ ಆತ ನನಗೆ ಮೊದಲು ಫೋನ್ ಮಾಡಿ ಓದಿ ಹೇಳುತ್ತಿದ್ದ.

ಸಂಜೆಯೇ ಬಂದ. ಎಲ್ಲ ಕೇಳಿಸಿಕೊಂಡು ಎದ್ದೇಬಿಟ್ಟ. "ಸಖತ್ ಸ್ಟೋರಿ ಮೇಡಂ. ನಾಳೆ ಬೆಳಿಗ್ಗೆ ಬರುತ್ತೆ. ಇವರದ್ದೊಂದು ಫೋಟೋ ಕೊಡಿ ಸಾಕು."

"ಕೂತ್ಕೊಳ್ರೀ. ಒಂದೇ ಕೇಸ್ ಇಟ್ಕೊಂಡು ಬರೆದ್ರೆ ನಾಡಿದ್ದು ಅವರೇನಂತಾರೆ? ಎಲ್ಲೋ ಒಂದು ಎಂಟ್ರಿ ತಪ್ಪಾಗಿದೆ, ಸಾರಿ, ಅಂತಾರೆ. ಮುಗೀತು. ಇದು ಒಬ್ಬಳ ಕಥೆನಾ, ಬಾಡಿಗೆ ಮನೇಲಿರೋ ಎಲ್ಲರ ಕಥೆನಾ ಅಂತ ಗೊತ್ತಾಗಬೇಕು."

"ನಿಮ್ಮ ಸ್ಯಾಂಪಲ್ಲು ಗೀಂಪಲ್ಲು ಮುಗಿಯೋ ಹೊತ್ತಿಗೆ ಗೌರಿ ಹಬ್ಬ ಮುಗಿದಿರುತ್ತೆ ಮೇಡಂ."

ಅವನ ಮಾತೂ ನಿಜವೇ. ಇಬ್ಬರೂ ಸಾಕಷ್ಟು ಕೂಗಾಡಿದೆವು. ಕೊನೆಗೆ ಸಮಾಜಶಾಸ್ತ್ರ ವಿಭಾಗದ ನನ್ನ ಗೆಳತಿ ಪದ್ಮಿನಿ ಮಧ್ಯಸ್ಥಿಕೆ ವಹಿಸಿದಳು. ಹತ್ತು ಹನ್ನೆರಡು ದಿನದಲ್ಲಿ ಎಷ್ಟು ಜನ ಸಿಗುತ್ತಾರೋ ಅಷ್ಟು ಜನರ ಹತ್ತಿರ ಮಾತಾಡುವುದು, ಆಮೇಲೆ ಏನಾದರಾಗಲಿ ಬರೆಯುವುದು ಎಂದು ತೀರ್ಮಾನ ಆಯಿತು.

ಆ ವೀಸಾ ಆಫೀಸಿನ ಎದುರಿಗೇ ಒಂದು ದರ್ಶಿನಿ ಹೋಟೆಲ್ ಇತ್ತು. ಕಾಲೇಜು ಮುಗಿಸಿ ನಾವು ಮೂವರೂ ಅಲ್ಲಿ ನಿಲ್ಲಲು ಶುರುಮಾಡಿದೆವು. ನಾಗರಾಜ ಮೊದಲ ದಿನವೇ ಒಂದು ಗಮನಿಸಿದ. ವೀಸಾ ಸಿಕ್ಕವರು ಬಂದು ಕೇಸರಿಬಾತ್ ತಿನ್ನುತ್ತಾರೆ, ಸಿಗದವರು ಬರೀ ಕಾಫಿ ಕುಡಿಯುತ್ತಾರೆ. ಆತ ಕಾಫಿಯವರನ್ನು ಹಿಡಿದು ಮಾತಾಡಿಸತೊಡಗಿದ. ಮೈಸೂರಿನ ಅಡುಗೆಯವನು, ಕಲಬುರಗಿಯ ವೆಲ್ಡರು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಇಬ್ಬರು ಫಿಸಿಯೊಥೆರಪಿ ಹುಡುಗಿಯರು. ಎಲ್ಲರೂ ಬಾಡಿಗೆ ಮನೆಯವರೇ. ಎಲ್ಲರದ್ದೂ ಅದೇ ಹನ್ನೊಂದು ತಿಂಗಳು.

"ಆಯ್ತಲ್ಲ ಮೇಡಂ, ಇನ್ನೇನು ಬೇಕು?" ಎಂದ.

"ಕೇಸರಿಬಾತ್‌ನವರನ್ನೂ ಕೇಳಬೇಕು" ಎಂದೆ.

"ಅವರಿಗೆ ವೀಸಾ ಸಿಕ್ಕಿದೆಯಲ್ಲ, ಅವರ ಹತ್ರ ಏನು ಸುದ್ದಿ ಇರುತ್ತೆ?"

"ಸಿಕ್ಕಿದೆ ಅಂತಲೇ ಕೇಳಬೇಕು. ಅವರೂ ಬಾಡಿಗೆಯವರೇ ಆಗಿದ್ರೆ ನಮ್ಮ ಮಾತು ಬಿದ್ದುಹೋಗುತ್ತೆ."

ಆತ ಗೊಣಗಿಕೊಂಡೇ ಹೋದ. ಕೇಳುವ ರೀತಿಯನ್ನು ಪದ್ಮಿನಿ ತಿದ್ದಿದಳು. ಎಷ್ಟು ಮನೆ ಬದಲಾಯಿಸಿದ್ದೀರಿ ಎಂದು ಕೇಳಿದರೆ ಜನ ಹೆದರಿ ಒಂದೂ ಇಲ್ಲ ಎಂದುಬಿಡುತ್ತಾರೆ, ಈಗಿರುವ ಮನೆಗೆ ಬಂದ ಮೇಲೆ ಮೊದಲು ಯಾವ ಹಬ್ಬ ಮಾಡಿದಿರಿ, ಪಕ್ಕದ ಮನೆಯವರು ಯಾರು, ಹೀಗೆ ಕೇಳಿಕೊಂಡು ಹೋಗಿ ಎಂದಳು. ನಾಗರಾಜ ಅದನ್ನು ಬೇಗ ಕಲಿತ. ಜನರನ್ನು ಮಾತಾಡಿಸುವುದರಲ್ಲಿ ಆತ ನಮ್ಮಿಬ್ಬರಿಗಿಂತ ಜಾಣ, ಅದನ್ನು ಒಪ್ಪಿಕೊಳ್ಳಬೇಕು.

ಕೇಸರಿಬಾತ್ ತಿನ್ನುತ್ತಿದ್ದವರಲ್ಲೇ ನಮಗೆ ರೂಪಾ ಸಿಕ್ಕಿದ್ದು. ಶಿವಲೀಲಾ ಕೆಲಸ ಮಾಡುವ ವಾರ್ಡಿನಲ್ಲೇ ಬೇರೆ ಪಾಳಿಯ ನರ್ಸು, ಹೊರದೇಶದ ಅದೇ ಆಸ್ಪತ್ರೆಗೆ ಹೊರಟಿದ್ದವಳು. ಅವಳ ಅಪ್ಪನಿಗೆ ಕೋಣನಕುಂಟೆಯಲ್ಲಿ ಸ್ವಂತ ಮನೆ ಇತ್ತು, ಅದರ ಕಂದಾಯದ ರಸೀದಿ ಕೊಟ್ಟಿದ್ದಳು. ಆದರೆ ಅವಳು ಆ ಮನೆಯಲ್ಲಿ ಇರಲೇ ಇಲ್ಲ.

"ಅಪ್ಪಂಗೂ ನಂಗೂ ಆಗಲ್ಲ ಮೇಡಂ. ನಾನು ಮನೆ ಬಿಟ್ಟು ತುಂಬಾ ವರ್ಷ ಆಯ್ತು. ಮೊದಲು ಹಾಸ್ಟೆಲ್ಲು, ಆಮೇಲೆ ಪೀಜಿ, ಈಗ ಫ್ರೆಂಡ್ ಜೊತೆ ಬನಶಂಕರೀಲಿ ಇದ್ದೀನಿ" ಎಂದಳು. ಆಮೇಲೆ ಶಿವಲೀಲಾ ವಿಷಯ ಕೇಳಿ ಚಮಚ ಕೆಳಗಿಟ್ಟಳು. "ಅವಳಿಗೆ ಸಿಗಲಿಲ್ವಾ? ಅವಳಿಗೆ? ನನ್ನ ಹೆಸರು ಹಾಕಬೇಡಿ. ಆದ್ರೆ ನಾನು ಹೇಳಿದ್ದನ್ನ ಹಾಕಿ."

ಅವತ್ತು ನಾಗರಾಜ ತಾನೇ ಹೋಗಿ ನನಗೆ, ಪದ್ಮಿನಿಗೆ ಒಂದೊಂದು ಕೇಸರಿಬಾತ್ ತಂದುಕೊಟ್ಟ. ಮನೆ ಬಿಟ್ಟು ಊರೆಲ್ಲ ಸುತ್ತಿದವಳಿಗೆ ನೆಲೆ ಇದೆ, ಮೆಟ್ಟಿಲು ಬಿಟ್ಟು ಕದಲದವಳಿಗೆ ನೆಲೆ ಇಲ್ಲ. ಇಬ್ಬರಿಗೂ ಒಂದೇ ಕೆಲಸ, ಒಂದೇ ಸಂಬಳ. ವ್ಯತ್ಯಾಸ ಅಪ್ಪನ ಹೆಸರಿನ ಮನೆ ಒಂದೇ. ನಮಗೆ ಬೇಕಾದದ್ದು ಸಿಕ್ಕಿತ್ತು.

ನಾವು ಹೀಗೆ ಓಡಾಡುವುದು ಎದುರಿನ ಆಫೀಸಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಭಾನುವಾರ ಬೆಳಿಗ್ಗೆ ಹರೀಶ್ ಮನೆಗೇ ಫೋನ್ ಮಾಡಿದ.

"ಮೇಡಂ, ಶಿವಲೀಲಾ ಅವರ ಫೈಲ್ ನಾನೇ ಪರ್ಸನಲ್ ಆಗಿ ನೋಡ್ತೀನಿ. ಅಡ್ರೆಸ್ ಎಲ್ಲಾ ಒಂದು ಮಾಡಿ ಮತ್ತೆ ಹಾಕ್ತೀನಿ. ಹದಿನೈದು ದಿನದಲ್ಲಿ ವೀಸಾ ಕೈಗೆ ಬರುತ್ತೆ. ಆದ್ರೆ ಪೇಪರ್‌ನಲ್ಲಿ ಬರೋದು ಬೇಡ. ನಮ್ಮ ಕಾಂಟ್ರಾಕ್ಟ್‌ಗೆ ತೊಂದರೆ ಆಗುತ್ತೆ."

ನಾನು ತಕ್ಷಣ ಆಗಲ್ಲ ಎನ್ನುವವಳಿದ್ದೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ವೀಸಾ ನನ್ನದಲ್ಲ, ಬೇಡ ಎನ್ನಲು ನಾನು ಯಾರು? ಕೇಳಿ ಹೇಳುತ್ತೇನೆ ಎಂದು ಫೋನಿಟ್ಟೆ.

ಶಿವಲೀಲಾ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ನೋಡು, ಒಪ್ಕೊಂಡ್ರೆ ಹಬ್ಬಕ್ಕೆ ಮುಂಚೆ ನೀನು ಅಲ್ಲಿರ್ತೀಯ. ಇಲ್ಲ ಅಂದ್ರೆ ಏನಾಗುತ್ತೋ ನಂಗೂ ಗೊತ್ತಿಲ್ಲ. ನೀನು ಒಪ್ಕೊಂಡ್ರೆ ನಾನೊಂದು ಮಾತೂ ಆಡಲ್ಲ. ನಾಗರಾಜಂಗೂ ನಾನೇ ಹೇಳ್ತೀನಿ." ಇದನ್ನು ನಾನು ಮನಸಾರೆ ಹೇಳಿದೆ. ಒಳಗೊಳಗೆ ಅವಳು ಒಪ್ಪಿಕೊಂಡರೆ ಸಾಕಪ್ಪ ಎಂದೂ ಅನ್ನಿಸಿತ್ತು.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಒಂದು ಸಲ ಕೊಡವಿ ತಂತಿಗೆ ಹಾಕಿದಳು. ಕ್ಲಿಪ್ಪು ಸಿಕ್ಕಿಸಿದಳು.

"ಉಳದವ್ರದು?" ಎಂದು ಕೇಳಿದಳು.

"ಉಳಿದವರ ವಿಷಯ ಆತ ಎತ್ತಲಿಲ್ಲ."

"ಆ ವೆಲ್ಡರ್ ಅಣ್ಣ ಅದಾನಲ್ರೀ, ಕಲಬುರ್ಗಿಯಾಂವ. ಅಂವಂದು ಕೆಂಪ ಇರತೈತಿ?"

"ಇರುತ್ತೆ."

ಅವಳು ಇನ್ನೊಂದು ಬಟ್ಟೆ ತೆಗೆದು ಹಿಂಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ನಡುಗಲಿಲ್ಲ. "ನಮ್ಮೂರು ಮುಳಗೂ ಮುಂದ ಮೊದ್ಲಿಗೆ ಒಂದ ನಾಕ ಮನಿಯವ್ರನ್ನ ಕರದು ಛಲೋ ಜಾಗಾ ಕೊಟ್ರು ರೀ, ಅವ್ರು ಸುಮ್ಕಿರ್ಲಿ ಅಂತ. ಅವ್ರು ಸುಮ್ಕಾದ್ರು. ನಮ್ಮಪ್ಪ ಇನ್ನೂ ಅವ್ರ ಹೆಸರ ತಗದ್ರ ಉಗಳತಾನ. ನಂದೊಂದ ಬ್ಯಾಡ್ರೀ ಆಂಟಿ. ಆದ್ರ ಎಲ್ಲಾರ್ದೂ ಆಗ್ಲಿ. ಪೇಪರಿನ್ಯಾಗ ಬರೀಲಿ. ನನ್ನ ಹೆಸರು, ಫೋಟೋ ಎಲ್ಲಾ ಹಾಕ್ಲಿ."

"ಹೆಸರು ಬೇಡ ಕಣೆ, ಆಮೇಲೆ ತೊಂದರೆ ಕೊಟ್ರೆ?"

"ಹಾಕ್ಲಿ ರೀ. ನಾ ಇಲ್ಲೇ ಅದೇನಿ, ಎಲ್ಲಿಗೂ ಹೋಗಿಲ್ಲಂತ ಗೊತ್ತಾಗ್ಲಿ."

ನಾನು ಕೆಳಗೆ ಬಂದು ಹರೀಶನಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ಅಷ್ಟು ಮೆತ್ತಗೆ ನಾನು ಯಾರಿಗೂ ಇಲ್ಲ ಎಂದವಳಲ್ಲ.

ಸುದ್ದಿ ಬಂದ ದಿನ ನಮ್ಮ ಯಜಮಾನರು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಒಂದು ಕಟ್ಟು ಪೇಪರು ತಂದಿದ್ದರು. ಮುಖಪುಟದಲ್ಲಿ ನಮ್ಮ ಮೆಟ್ಟಿಲ ಮೇಲೆ ನಿಂತ ಶಿವಲೀಲಾಳ ಫೋಟೋ. ನಾಗರಾಜ ಅವಳ ಕಥೆಯಿಂದ ಶುರುಮಾಡಿ, ವೆಲ್ಡರು, ಅಡುಗೆಯವನು, ಹೆಸರು ಹೇಳದ ಆ ಇನ್ನೊಬ್ಬ ನರ್ಸು, ಎಲ್ಲರನ್ನೂ ತಂದಿದ್ದ. ಪಕ್ಕದಲ್ಲಿ ನನ್ನದು, ಪದ್ಮಿನಿಯದು ಹೆಸರು ಹಾಕಿ ನಾವು ಮಾಡಿದ ಕೋಷ್ಟಕ. ನಾವು ಕೇಳಿದ್ದು ಯಾರನ್ನು, ಹೇಗೆ, ಎಷ್ಟನ್ನು ನಂಬಬಹುದು, ಎಷ್ಟನ್ನು ನಂಬಬಾರದು, ಅದನ್ನೂ ಬರೆದಿದ್ದೆವು. ಆ ಕೊನೆಯ ಸಾಲನ್ನು ತೆಗೆಯೋಣ ಎಂದು ನಾಗರಾಜ ಗೋಗರೆದಿದ್ದ. ನಾನು ಬಿಟ್ಟಿರಲಿಲ್ಲ. ಆಮೇಲೆ ನಮ್ಮನ್ನು ಉಳಿಸಿದ್ದು ಅದೇ ಸಾಲು, ಏಕೆಂದರೆ ಕಂಪನಿಯವರಿಗೆ ತೋರಿಸಲು ಒಂದು ಹುಳುಕೂ ಸಿಗಲಿಲ್ಲ.

ಮೊದಲು ಸಿಕ್ಕಿದ್ದು ಬೈಗುಳವೇ. ನಮ್ಮ ಪ್ರಿನ್ಸಿಪಾಲರು ಕರೆಸಿ, "ನಿಮಗೆ ಯಾಕೆ ಬೇಕಿತ್ತು ಮೇಡಂ ಇದೆಲ್ಲ?" ಎಂದರು. ನಾಗರಾಜನ ಪತ್ರಿಕೆಗೆ ಲಾಯರ್ ನೋಟಿಸು ಬಂತು. ಆದರೆ ಬಾಡಿಗೆ ಮನೆಯಲ್ಲಿ ಇಲ್ಲದವರು ಬೆಂಗಳೂರಿನಲ್ಲಿ ಎಷ್ಟು ಜನ? ಪತ್ರಿಕೆಗೆ ಕಾಗದಗಳು ಬರತೊಡಗಿದವು. ನನಗೂ ಹೀಗೇ ಆಗಿದೆ, ನನ್ನ ತಂಗಿಗೂ ಹೀಗೇ ಆಗಿದೆ ಎಂದು ಬರೆದರು. ನಾಗರಾಜ ಪ್ರತಿ ವಾರ ಒಂದೊಂದನ್ನು ಬರೆದ. ನಾವು ಒಂದೊಂದನ್ನೂ ಪರೀಕ್ಷಿಸಿ, ಸುಳ್ಳು ಕಂಡದ್ದನ್ನು ತೆಗೆದುಹಾಕಿ ಕೊಟ್ಟೆವು. ಬೇರೆ ಭಾಷೆಯ ಪತ್ರಿಕೆಗಳೂ ಎತ್ತಿಕೊಂಡವು.

ಗೌರಿ ಹಬ್ಬ ಬಂತು. ಶಿವಲೀಲಾ ನಮ್ಮ ಮನೆಯಲ್ಲೇ ಬಾಗಿನ ತೆಗೆದುಕೊಂಡಳು. ಆ ಆಸ್ಪತ್ರೆಯಿಂದ, ವಿಷಾದಿಸುತ್ತೇವೆ, ನಿಮ್ಮ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇವೆ ಎಂದು ಮಿಂಚಂಚೆ ಬಂತು. ಅದನ್ನು ಓದಿ ನಾನು ದೇವರ ಕೋಣೆಗೆ ಹೋಗಿ ಅತ್ತೆ. ಅವತ್ತು ಅವಳನ್ನು ಒಪ್ಪಿಸಬೇಕಿತ್ತಾ ಎಂದು ಅನ್ನಿಸಿತು. ಅವಳೇ ಬಂದು, "ಅಳಬ್ಯಾಡ್ರೀ, ಇನ್ನೂ ಆಗಿಲ್ಲ ಇದು" ಎಂದು ನನ್ನನ್ನು ಎಬ್ಬಿಸಿದಳು.

ದೀಪಾವಳಿ ಕಳೆದ ಮೇಲೆ ಆ ದೇಶದ ಒಬ್ಬ ಅಧಿಕಾರಿಣಿ ಬಂದರು. ಅದೇ ಆಫೀಸಿನ ಒಂದು ಕೋಣೆಯಲ್ಲಿ ನಮ್ಮನ್ನು ಕರೆದು ಕೂರಿಸಿದರು. ನಾನು, ಪದ್ಮಿನಿ, ನಾಗರಾಜ, ಶಿವಲೀಲಾ ಒಂದು ಕಡೆ. ಆಕೆ, ಹರೀಶ್ ಇನ್ನೊಂದು ಕಡೆ. ಆಕೆ ನಮ್ಮ ಕೋಷ್ಟಕವನ್ನು ಚೆನ್ನಾಗಿ ಓದಿಕೊಂಡು ಬಂದಿದ್ದರು. ಒಂದೇ ಮನೆಗೆ ಐದು ಅಗ್ರಿಮೆಂಟು ಏಕೆ ಎಂದು ಕೇಳಿದರು, ಹೇಳಿದೆ. ಆ ಎರಡು ಸಲ ಈಕೆ ಎಲ್ಲಿದ್ದರು ಎಂದು ಕೇಳಿದರು. ಆಷಾಢ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ಹೇಳಲು ನಾನು ತಿಣುಕಾಡಿದೆ. ಹೊಸ ಕೆಲಸ ಶುರುಮಾಡಲು ನಾವು ಹಿಂಜರಿಯುವ ತಿಂಗಳು, ಆದರೆ ಆ ತಿಂಗಳೂ ನಾವು ಮನೆಯಲ್ಲೇ ಇರುತ್ತೇವೆ, ಎಂದೆ. ಆಕೆ ಅದನ್ನು ಬರೆದುಕೊಂಡರು.

ಹರೀಶ್ ಮಾತ್ರ ಮತ್ತೆ ತನ್ನ ಹಳೇ ಮಾತನ್ನೇ ಹೇಳಿದ, ಸಿಸ್ಟಮ್ ಎಲ್ಲರನ್ನೂ ಒಂದೇ ರೀತಿ ನೋಡುತ್ತದೆ ಎಂದು.

ನಾಗರಾಜ ಕೇಳಿದ, "ನಿಮ್ಮ ಮನೆ ಎಲ್ಲಿ ಸಾರ್?"

"ಬಿಟಿಎಂ ಸೆಕೆಂಡ್ ಸ್ಟೇಜ್."

"ಸ್ವಂತದ್ದಾ?"

"ಇಲ್ಲ, ರೆಂಟು."

"ಅಗ್ರಿಮೆಂಟ್ ಎಷ್ಟು ತಿಂಗಳಿಗೆ ಮಾಡ್ಸಿದ್ದೀರಾ?"

ಹರೀಶ್ ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಸರಿಸಿದ. ಆಮೇಲೆ, ಅವನನ್ನು ಮೆಚ್ಚಬೇಕು, ತಲೆ ಎತ್ತಿ ಆಕೆಗೇ ಇಂಗ್ಲಿಷಿನಲ್ಲಿ ಹೇಳಿದ. "ಹನ್ನೊಂದು ತಿಂಗಳು. ನಾನು ಅರ್ಜಿ ಹಾಕಿದರೂ ಕೆಂಪೇ ಬರುತ್ತದೆ."

ಶಿವಲೀಲಾ ತನ್ನ ಮುಂದಿದ್ದ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು.

ಹೊಸ ವರ್ಷದಲ್ಲಿ ನಿಯಮ ಬದಲಾಯಿತು. ಅದೇ ಓನರ್ ಜೊತೆ ಮತ್ತೆ ಮತ್ತೆ ಮಾಡಿಕೊಂಡ ಅಗ್ರಿಮೆಂಟನ್ನು ಒಂದೇ ಮನೆ ಎಂದು ಎಣಿಸಬೇಕು, ಕೆಂಪು ಬಂದ ಫೈಲನ್ನು ಒಬ್ಬ ಮನುಷ್ಯ ಓದಲೇಬೇಕು, ಓದಿದವರು ಸಹಿ ಹಾಕಬೇಕು ಎಂದಾಯಿತು. ಹಳೆಯ ಫೈಲುಗಳನ್ನೂ ತೆರೆದರು. ಮೊದಲು ವೀಸಾ ಬಂದದ್ದು ಕಲಬುರಗಿಯ ವೆಲ್ಡರಿಗೆ. ಆತ ನಮ್ಮ ಮನೆ ಹುಡುಕಿಕೊಂಡು ಬಂದು ಶಿವಲೀಲಾಗೆ ಒಂದು ಸೀರೆ ಕೊಟ್ಟುಹೋದ. ಮನೆ ಹುಡುಕಲು ಅವನಿಗೆ ಒಂದು ಗಂಟೆ ಬೇಕಾಯಿತಂತೆ, ನಂಬರಿನ ಗೊಂದಲದಿಂದ.

ಶಿವಲೀಲಾ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಅದೇ ದೇಶದ ಬೇರೆ ಆಸ್ಪತ್ರೆ, ಮತ್ತೆ ಇಂಟರ್‌ವ್ಯೂ. ಮತ್ತೊಂದು ನೇಮಕದ ಪತ್ರ ಬರುವ ಹೊತ್ತಿಗೆ ಮುಂದಿನ ಮಳೆಗಾಲ ಶುರುವಾಗಿತ್ತು. ಹೊಸ ಅರ್ಜಿಯನ್ನು ಅವಳು ನಮ್ಮ ಊಟದ ಮೇಜಿನ ಮೇಲೇ ಕೂತು ತುಂಬಿಸಿದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ. ಆಗ ಆಷಾಢವೇ. ನಮ್ಮ ಯಜಮಾನರು ಇನ್ನೆರಡು ವಾರ ತಡೆದು ಕೊಡಬಾರದೇನಮ್ಮಾ ಎಂದರು. ಅವಳು, "ಅಂಕಲ್, ನೀವು ಸುಮ್ಕಿರ್ರೀ" ಎಂದಳು. ಆರು ವರ್ಷದಲ್ಲಿ ಅವರಿಗೆ ಅವಳು ಎದುರಾಡಿದ್ದು ಅದೊಂದೇ ಸಲ. ಅವರು ನಗುತ್ತಾ ಎದ್ದುಹೋದರು.

ಆ ಸಲ ವೀಸಾ ಬಂತು, ಈಗ ಅವಳು ಆ ದೇಶದಲ್ಲೇ ಇದ್ದಾಳೆ. ಅವಳ ಅಪ್ಪ, ಅವ್ವ ಶೀಟು ತೆಗೆದು ಆರ್‌ಸಿಸಿ ಹಾಕಿಸಿದ್ದಾರೆ, ನಾವು ಗೃಹಪ್ರವೇಶಕ್ಕೆ ಹೋಗಿ ಬಂದೆವು. ಲೆಕ್ಕ ಪಾಠ ಮಾಡಿದವಳು ನಾನು, ಲೆಕ್ಕದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇವತ್ತಿಗೂ ಯಾರಾದರೂ ಕಂಪ್ಯೂಟರ್ ಹಾಗೆ ಹೇಳಿದೆ ಎಂದರೆ, ಅದಕ್ಕೆ ಹೇಳಿಕೊಟ್ಟವರು ಯಾರು, ಅವರ ಮನೆಯ ಅಗ್ರಿಮೆಂಟ್ ಎಷ್ಟು ತಿಂಗಳದ್ದು ಎಂದು ಕೇಳದೆ ನಾನು ಬಿಡುವುದಿಲ್ಲ.

ಅವಳು ಹೊಸ ಅರ್ಜಿ ತುಂಬಿಸಿದ ಆ ಮಧ್ಯಾಹ್ನ ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಳೆದ ಐದು ವರ್ಷ ಎಲ್ಲೆಲ್ಲಿ ವಾಸವಾಗಿದ್ದಿರಿ ಎಂದು ಅರ್ಜಿಯಲ್ಲಿ ಕೇಳಿತ್ತು. ಬರೆಯಲು ಐದು ಸಾಲು ಬಿಟ್ಟಿದ್ದರು. ಶಿವಲೀಲಾ ಮೊದಲ ಸಾಲಿನಲ್ಲಿ ನಮ್ಮ ಮನೆಯ ವಿಳಾಸ ಬರೆದಳು. ಆಮೇಲೆ ನನ್ನ ಹತ್ತಿರ ಸ್ಕೇಲು ಇಸಿದುಕೊಂಡು, ಉಳಿದ ನಾಲ್ಕು ಸಾಲಿಗೂ ಅಡ್ಡವಾಗಿ ಗೆರೆ ಎಳೆದಳು. ಎಷ್ಟು ಒತ್ತಿ ಎಳೆದಳೆಂದರೆ ಗೆರೆ ಹಾಳೆಯ ಹಿಂಬದಿಯಲ್ಲೂ ಮೂಡಿತ್ತು.